ಲಕ್ಕಮ್ಮನವರ ಮಿಕ್ಸಿ ಮುಯ್ಯಿ

ಗಿರಾಕಿ ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವರಿಗೊಂದು ಬೆಲೆ ಕಟ್ಟಿ ಮುಗಿಸುವುದು ನನ್ನ ಕಸುಬು. ಚನ್ನರಾಯಪಟ್ಟಣದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟು ಕೂತವನಿಗೆ ಅಷ್ಟೂ ಬಾರದಿದ್ದರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು. ಬೆಲೆ ಮೊದಲು ಕೇಳಿದವರು ಕೊಳ್ಳುವುದಿಲ್ಲ, ಬಣ್ಣ ಮೊದಲು ಕೇಳಿದವರು ಕೊಳ್ಳುತ್ತಾರೆ. ಗಂಡ ಹೆಂಡತಿ ಬಂದಾಗ ಗಂಡ ಜೋರಾಗಿ ಮಾತಾಡುತ್ತಿದ್ದರೆ ನಾನು ಹೆಂಡತಿಗೆ ಸ್ಟೂಲು ಕೊಡುತ್ತೇನೆ, ಏಕೆಂದರೆ ದುಡ್ಡು ಇರುವುದು ಅಲ್ಲಿ.

ತೊಂಬತ್ತಾರನೇ ಇಸವಿಯಲ್ಲಿ, ಒಂದು ಸಂತೆಯ ದಿನ, ಲಕ್ಕಮ್ಮನವರು ಒಳಗೆ ಬಂದರು. ಐವತ್ತರ ಆಸುಪಾಸು. ಬೆರಳ ಸಂದಿಯಲ್ಲಿ ಹೊಲದ ಮಣ್ಣು. ಸೀರೆ ಬಣ್ಣ ಬಿಟ್ಟಿದ್ದರೂ ನೆರಿಗೆ ನೆಟ್ಟಗೆ. ಕೈಯಲ್ಲಿ ಗೊಬ್ಬರದ ಚೀಲ ಹೊಲಿದು ಮಾಡಿದ ಬ್ಯಾಗು. ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಗಂಡ ನಂಜಪ್ಪನವರು, ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು. ನಾನು ಲೆಕ್ಕ ಹಾಕಿದೆ: ಒಂದು ಜೊತೆ ಟಾರ್ಚ್ ಸೆಲ್ಲು, ಬಹಳ ಹೆಚ್ಚೆಂದರೆ ಒಂದು ಬಲ್ಬು.

"ಮಿಕ್ಸಿ ತೋರ್ಸಿ ಶೆಟ್ರೇ" ಅಂದರು ಲಕ್ಕಮ್ಮ.

ನಾನು ಒಂದನ್ನು ಇಳಿಸಿ ಪ್ಲಗ್ಗು ಹಾಕಿ, ಜಾರಿಗೆ ಒಂದು ಲೋಟ ನೀರು ಸುರಿದು ತಿರುಗಿಸಿದೆ. ಕಂಪನಿಯವರು ಹಾಗೆ ತೋರಿಸಲು ಹೇಳಿಕೊಟ್ಟಿದ್ದರು.

"ನೀರು ರುಬ್ಬಕ್ಕೆ ಮಿಕ್ಸಿ ಯಾಕೆ ಬೇಕು?"

"ಓಡುತ್ತೆ ಅಂತ ತೋರಿಸೋಕೆ ಅಮ್ಮ."

"ಓಡ್ತದೆ ಅನ್ನದು ನಂಗೂ ಕಾಣ್ತದೆ. ಕೆಲ್ಸ ಮಾಡ್ತದಾ ಅಂತ ಕೇಳ್ದೆ." ಅಂದವರೇ ಬ್ಯಾಗಿನಿಂದ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಹುರಿದ ಬ್ಯಾಡಗಿ ಮೆಣಸಿನಕಾಯಿ, ಧನಿಯ. ಮನೆಯಿಂದ ಹುರಿದುಕೊಂಡೇ ಬಂದಿದ್ದರು. ಅದನ್ನು ಕಂಡ ಕೂಡಲೇ ನಂಜಪ್ಪನವರು ಸದ್ದಿಲ್ಲದೆ ಹೊರಗೆ ಹೋಗಿ ಎದುರಿನ ಸೈಕಲ್ ಅಂಗಡಿಯಲ್ಲಿ ನಿಂತರು. ಅವರು ಯಾಕೆ ಹೋದರು ಎಂಬುದು ನನಗೆ ತಿಳಿದದ್ದು ಮುಚ್ಚಳ ತೆಗೆದ ಮೇಲೆ. ಟೀವಿ ಕೊಳ್ಳಲು ಬಂದಿದ್ದ ಮೇಷ್ಟರು ಸೀನಿಕೊಂಡೇ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆಮೇಲೆ ಆ ಟೀವಿಯನ್ನು ಹಾಸನದಲ್ಲಿ ಕೊಂಡರಂತೆ. ಲಕ್ಕಮ್ಮನವರು ಮಾತ್ರ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಪರವಾಗಿಲ್ಲ ಕಣ್ರೀ" ಅಂದರು.

ಕಂಪನಿಯ ಹೆಸರು ಹೇಳುವುದಿಲ್ಲ. ಅವರ ಮಾಲು ಈಗಲೂ ನನ್ನ ಅಂಗಡಿಯಲ್ಲಿದೆ.

ಆಮೇಲೆ ಗ್ಯಾರಂಟಿಯ ಮಾತು ಬಂತು. ಒಂದು ವರ್ಷ ಗ್ಯಾರಂಟಿ ಅಂದೆ.

"ಒಂದೊರ್ಷ ಕೆಡಲ್ಲ ಅಂತಲಾ, ಕೆಟ್ರೆ ನೋಡ್ಕೋತೀವಿ ಅಂತಲಾ?"

ಇಪ್ಪತ್ತು ವರ್ಷ ಅಂಗಡಿ ನಡೆಸಿದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೆಟ್ಟರೆ ನೋಡಿಕೊಳ್ಳುತ್ತಾರೆ ಅಂದೆ.

"ಯಾರು ನೋಡ್ಕೊಳೋರು? ನೀವಾ, ಕಂಪ್ನೀರಾ?"

"ಕಂಪನಿಯವರು."

"ಕಂಪ್ನಿ ನಮ್ಮೂರ್ಗೆ ಬತ್ತದಾ?"

"ಬರುತ್ತೆ" ಅಂದೆ. ವ್ಯಾಪಾರ ಮುಗಿಯುವ ಹಂತದಲ್ಲಿ ಯಾವ ಅಂಗಡಿಯವನೂ 'ಇಲ್ಲ' ಅನ್ನುವುದಿಲ್ಲ.

ಲಕ್ಕಮ್ಮನವರು ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ, ಮದುವೆಯಾಗಿ ಬಂದಿದ್ದು ನಮ್ಮ ತಾಲ್ಲೂಕಿನ ದಂಡಿಗನಹಳ್ಳಿಗೆ. ಮನೆಗೆ ತೆಂಗು, ರಾಗಿ, ಒಂದು ಬೋರ್‌ವೆಲ್ ಇತ್ತು. ಆದರೆ ಆ ಬೀದಿಯಲ್ಲಿ ಅವರ ಹೆಸರು ನಿಂತಿದ್ದು ಮುಯ್ಯಾಳಿನಿಂದ. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀವು ಬನ್ನಿ, ನಡುವೆ ಕೂಲಿ ಗೀಲಿ ಏನೂ ಇಲ್ಲ, ಅದೇ ಮುಯ್ಯಿ. ನಾಳೆ ಯಾರ ಹೊಲ, ನಾಡಿದ್ದು ಯಾರದು, ಬಾಣಂತಿಯ ಮನೆಗೆ ಯಾರು ಹೆಚ್ಚಿಗೆ ಒಂದು ದಿನ ದುಡಿಯಬೇಕು, ಇದೆಲ್ಲ ಲಕ್ಕಮ್ಮನವರ ಬಾಯಲ್ಲಿ ತೀರ್ಮಾನವಾಗುತ್ತಿತ್ತು. ಅವರು ಸರದಿ ಹೇಳಿದರೆ ಬೀದಿಯಲ್ಲಿ ಎರಡು ಮಾತಿಲ್ಲ. ಎದುರು ಮನೆಯ ಕಮಲಾಕ್ಷಮ್ಮ ಮಾತ್ರ ಪ್ರತಿ ಸಲವೂ ಒಂದು ತಕರಾರು ತೆಗೆದು, ಆಮೇಲೆ ಎಲ್ಲರಿಗಿಂತ ಮೊದಲು ಹೊಲದಲ್ಲಿ ಇರುತ್ತಿದ್ದರು.

ಮಿಕ್ಸಿ ಊರು ಸೇರಿದ ಮೇಲೆ ಅದೂ ಮುಯ್ಯಿಗೆ ಬಿತ್ತು. ಕರೆಂಟು ಬರುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ತಂತಮ್ಮ ಮಸಾಲೆಯ ತಟ್ಟೆ ಹಿಡಿದು ಲಕ್ಕಮ್ಮನವರ ಜಗುಲಿಯಲ್ಲಿ ಸಾಲಾಗಿ ಕೂರುವರು. ಖಾರ ರುಬ್ಬಿಕೊಂಡವರು ಒಬ್ಬರು ಕೊಟ್ಟಿಗೆ ಗುಡಿಸುವರು, ಒಬ್ಬರು ಎರಡು ಕೊಡ ನೀರು ತಂದು ಹಾಕುವರು, ಇನ್ನೊಬ್ಬರು ಸುಮ್ಮನೆ ಮಾತಾಡಿ ಹೋಗುವರು. ಬಲ್ಬು ಕುಂಬಳಕಾಯಿ ಬಣ್ಣಕ್ಕೆ ತಿರುಗಿದರೆ, ಅಂದರೆ ಪಂಪ್‌ಸೆಟ್ಟುಗಳೆಲ್ಲ ಶುರುವಾಗಿ ವೋಲ್ಟೇಜು ಇಳಿದರೆ, ಮಿಕ್ಸಿ ಹಾಕಕೂಡದು ಅನ್ನುವುದು ಲಕ್ಕಮ್ಮನವರ ಕಾನೂನು. ಬೀದಿಯವರು ಅದನ್ನು ಆದಷ್ಟು ಪಾಲಿಸುತ್ತಿದ್ದರು. ಆದಷ್ಟು.

ಇಷ್ಟರ ಮೇಲೆ ಲಕ್ಕಮ್ಮನವರು ಒಂದು ಮಾತು ಕೊಟ್ಟುಬಿಟ್ಟಿದ್ದರು. "ನಂದು ಒಂದೊರ್ಷ ಓಡ್ಲಿ, ನೋಡಿ. ಕೆಟ್ರೆ ಕಂಪ್ನೀರು ನಮ್ಮ ಬಾಗ್ಲಿಗೆ ಬಂದು ಸರಿ ಮಾಡ್ಕೊಡ್ತಾರೆ. ಆಮ್ಯಾಕೆ ನೀವೂ ಒಬ್ಬೊಬ್ರೇ ತಗಳಿ." ಬೀದಿಯ ಅಷ್ಟೂ ಮನೆಯವರು ಆ ಮಾತಿನ ಮೇಲೆ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ, ಬೇರೆ ಕಾರಣಕ್ಕೆ.

ನನ್ನ ಅಂಗಡಿಗೆ ಬಂದಾಗಲೆಲ್ಲ ಲಕ್ಕಮ್ಮನವರು ಎಲ್ಲ ಮಾಲಿನ ಮೇಲೂ ಒಂದೊಂದು ಅಭಿಪ್ರಾಯ ಹೇಳಿಯೇ ಹೋಗುತ್ತಿದ್ದರು. ಫ್ರಿಜ್ಜು ಅಂದರೆ ನೆನ್ನೆ ಸಾರನ್ನು ಇವತ್ತು ಉಣ್ಣಲು ದುಡ್ಡು ಕೊಡುವುದು. ರಿಮೋಟು ಅಂದರೆ ಗಂಡಸರನ್ನು ಇನ್ನೂ ಸ್ವಲ್ಪ ಕೂರಿಸುವ ಸಾಮಾನು. ಇಸ್ತ್ರಿ ಪೆಟ್ಟಿಗೆ ಒಳ್ಳೆಯದು, ಆದರೆ ಹೊಲಕ್ಕೆ ಹೋಗುವವರು ಯಾರಿಗೆ ತೋರಿಸಬೇಕು. ಮುಂದೆ ಮೊಬೈಲು ಬಂದ ಕಾಲಕ್ಕೆ ಒಮ್ಮೆ ನನ್ನ ಗಲ್ಲಾಪೆಟ್ಟಿಗೆಯ ಮುಂದೆಯೇ ನಿಂತು ಕಂಪನಿಗೆ ಫೋನು ಹಚ್ಚಿದರು. ಕನ್ನಡಕ್ಕೆ ಒಂದನ್ನು ಒತ್ತಿ ಅಂತ ಒಳಗಿನ ಹೆಣ್ಣು ಹೇಳಿತು. "ಒತ್ತಿದೀನಿ ಕಣವ್ವ, ಮುಂದಕ್ಕೇಳು" ಅಂದರು ಇವರು. ಅದು ಇನ್ನೊಂದು ಒತ್ತಲು ಹೇಳಿತು. ಇವರು ಒತ್ತಿದರು. ಸ್ವಲ್ಪ ಹೊತ್ತು ಹೀಗೇ ನಡೆದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, "ಪಾಪ, ಅದ್ಕೆ ಕಿವಿ ಇಲ್ಲ ಕಣ್ರೀ, ಬರೀ ಬಾಯಿ" ಅಂದರು.

ಮಿಕ್ಸಿಯ ಮಾತಿಗೆ ಬರುತ್ತೇನೆ. ವರ್ಷ ತುಂಬುವುದಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ಅದು ಹೊಗೆ ಬಿಟ್ಟು ನಿಂತಿತು. ಲಕ್ಕಮ್ಮನವರು ಅದನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಮೂಸಿದೆ. ಮೋಟಾರು ಸುಟ್ಟ ವಾಸನೆ.

ಗ್ಯಾರಂಟಿ ಕಾರ್ಡು ತೆಗೆದು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮನೆಯ ಬಳಕೆಗೆ ಮಾತ್ರ ಗ್ಯಾರಂಟಿ. ವ್ಯಾಪಾರಕ್ಕೆ ಬಳಸಿದರೆ ಇಲ್ಲ.

"ಯಾಪಾರ ಮಾಡೋರು ನೀವು. ನಾನೆಲ್ಲಿ ಮಾಡ್ದೆ?"

"ನೀವು ಮಾಡಿಲ್ಲ ಅಮ್ಮ. ಆದರೆ ಬೀದಿಯವರೆಲ್ಲ ರುಬ್ಬಿದ್ದಾರೆ ಅಂದರೆ ಕಂಪನಿಯವರು ಹಾಗೇ ತಿಳ್ಕೋತಾರೆ. ಹಾಸನದಿಂದ ಅವರ ಮನುಷ್ಯ ಬರ್ತಾರೆ. ಕೇಳಿದರೆ, ನಮ್ಮ ಮನೆಗೆ ಮಾತ್ರ ಬಳಸಿದ್ದು ಅಂತ ಒಂದು ಮಾತು ಹೇಳಿಬಿಡಿ."

ಲಕ್ಕಮ್ಮನವರು ನನ್ನನ್ನು ನೋಡಿದ ರೀತಿಗೆ ನನ್ನ ಅಂಗಡಿಯ ಟ್ಯೂಬ್‌ಲೈಟು ಒಂದು ಸಲ ಮಿಣುಕಿದಂತಾಯಿತು. "ಅಂಗಂದ್ಬುಟ್ಟು ಸಂಜೆ ಬೀದೀಲಿ ಯಾವ ಮಖ ಇಟ್ಕೊಂಡು ಓಡಾಡ್ಲಿ? ನಿಮ್ಮ ಖಾರ ನಾನು ಕಂಡೇ ಇಲ್ಲ ಅನ್ಲಾ ಅವ್ರಿಗೆ? ಇದ್ದಿದ್ದು ಇದ್ದಂಗೇ ಯೋಳ್ತೀನಿ. ಆಮ್ಯಾಕೂ ಅವ್ರು ಮಾಡ್ಕೊಡ್ಬೇಕು." ಅಂದವರೇ ಮಿಕ್ಸಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ಹೋದರು.

ಹಾಸನದಿಂದ ಬಂದವರು ಗಿರಿಧರ ಅಂತ, ಹೊಳೆನರಸೀಪುರದ ಕಡೆಯವರು. ಮೂವತ್ತು ದಾಟಿರಲಿಲ್ಲ. ಜೇಬಿನಲ್ಲಿ ಟೆಸ್ಟರು, ಹೆಗಲಲ್ಲಿ ಚೀಲ, ಬೆಳಿಗ್ಗೆ ಬೇಗ ಬಸ್ಸು ಹಿಡಿದವರ ಹಸಿವು ಮುಖದಲ್ಲಿ. ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ದಂಡಿಗನಹಳ್ಳಿಗೆ ಹೋದೆ. ಕಂಪನಿ ಬಂತು ಅನ್ನುವ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಜಗುಲಿಯ ತುಂಬ ಹೆಂಗಸರು. ಲಕ್ಕಮ್ಮನವರ ಮಾತು ಉಳಿಯಬೇಕು, ಅದಕ್ಕೆ ನಾವು ಸಾಕ್ಷಿ ಹೇಳಬೇಕು ಅಂತ ಎಲ್ಲರೂ ಕೆಲಸ ಬಿಟ್ಟು ಬಂದಿದ್ದರು.

ಅಲ್ಲೇ ಎಡವಟ್ಟಾಗಿದ್ದು. ಎಷ್ಟು ಹೆಚ್ಚು ದುಡಿದ ಮಿಕ್ಸಿ ಅಂತ ಹೇಳಿದರೆ ಕಂಪನಿಯವರಿಗೆ ಅಷ್ಟು ಹೆಚ್ಚು ಕರುಣೆ ಬರುತ್ತದೆ ಅಂತ ಅವರ ಎಣಿಕೆ. ದುಡಿದ ಎತ್ತಿಗೆ ಕಾಲು ಮುರಿದರೆ ಊರೆಲ್ಲ ಮರುಗುವುದಿಲ್ಲವೇ, ಹಾಗೆ.

"ಸಾ, ಇದು ಒಂದ್ ದಿನ ಸುಮ್ಕೆ ಕೂತದ್ದಿಲ್ಲ ಸಾ" ಅಂತ ಒಬ್ಬರು ಶುರು ಮಾಡಿದರು.

"ನಮ್ಮ ಹುಚ್ಚಯ್ಯನ ಮಗಳ ಮದ್ವೆ ಖಾರ ಪೂರಾ ಇದ್ರಲ್ಲೇ ಸಾ" ಅಂದರು ಇನ್ನೊಬ್ಬರು.

"ನಮ್ದು ಎಂಟು ಜನದ ಮನೆ. ದಿನಾ ಎರಡೊತ್ತು. ಬ್ಯಾಡ ಅಂದದ್ದಿಲ್ಲ ಸಾ ಈ ಮಿಕ್ಸಿ."

ನಾನು ಗಿರಿಧರರ ಬೆನ್ನ ಹಿಂದೆ ನಿಂತು ಕಣ್ಣು ಮಿಟುಕಿಸಿದೆ, ತಲೆ ಆಡಿಸಿದೆ, ಕೈ ಬೀಸಿದೆ. "ಶೆಟ್ರಿಗೆ ಏನೋ ಕಣ್ಣಿಗೆ ಬಿದ್ದದೆ, ನೀರು ಕೊಡ್ರೇ" ಅಂದರು ಕಮಲಾಕ್ಷಮ್ಮ. ನೀರು ಬಂತು. ಕುಡಿದೆ. ಅಷ್ಟರಲ್ಲಿ ಇನ್ನೂ ಮೂರು ಮನೆಯವರು ಸಾಕ್ಷಿ ಹೇಳಿ ಮುಗಿಸಿದ್ದರು.

ಗಿರಿಧರ ಮೋಟಾರು ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಬಹಳ ಮರ್ಯಾದೆಯಿಂದ ಹೇಳಿದರು: "ಅಮ್ಮ, ವೈಂಡಿಂಗ್ ಸುಟ್ಟಿದೆ. ಒಂದು ಮನೆಗೆ ಅಂತ ಮಾಡಿದ ಮಿಕ್ಸಿ ಇದು. ಇಡೀ ಬೀದಿಗೆ ಓಡಿಸಿದ್ದೀರಿ. ಇದನ್ನ ನಾವು ಕಮರ್ಷಿಯಲ್ ಅಂತ ಬರೀಬೇಕಾಗುತ್ತೆ."

ತಾವು ಹೇಳಿದ ಒಳ್ಳೆಯ ಮಾತುಗಳೆಲ್ಲ ಯಾವ ಕಡೆ ತಿರುಗಿದವು ಅಂತ ಹೆಂಗಸರಿಗೆ ಆಗ ಗೊತ್ತಾಯಿತು. ಕಂಪನಿಯ ಕಡೆಯಿಂದ ನೋಡಿದರೆ ಗಿರಿಧರ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಮಾಲು ಮಾರುವವನು, ಆ ನ್ಯಾಯವೂ ನನಗೆ ಗೊತ್ತು.

"ನಾನು ಅವತ್ತೇ ಅಂದಿದ್ದೆ" ಅಂದರು ಕಮಲಾಕ್ಷಮ್ಮ. "ಕಂಪ್ನೀರು ನಮ್ಮಂತೋರ್ಗೆ ಮಾಡ್ಕೊಡ್ತಾರಾ ಲಕ್ಕಕ್ಕ? ವಳ್ಳುಕಲ್ಲು ಇನ್ನೂ ಹಿತ್ಲಲ್ಲೇ ಅದೆ ಬುಡು. ಬತ್ತೀನಿ, ಇಬ್ರೂ ರುಬ್ಬನ."

ಲಕ್ಕಮ್ಮನವರು ಗಿರಿಧರರ ಕಡೆ ತಿರುಗಿ, "ಬರ್ಕೊಳದು ಬರ್ಕೊಳಿ ಸಾ. ಆದ್ರೆ ಉಂಡ್ಕೊಂಡು ಬರ್ಕೊಳಿ. ಹೊಟ್ಟೆ ಹಸ್ಕೊಂಡಾಗ ಅಕ್ಷರ ಸೊಟ್ಟ ಆಗ್ತವೆ" ಅಂದರು.

ಬೇಡ ಅನ್ನಲು ಗಿರಿಧರ ಬಾಯಿ ತೆರೆದರು. ಒಳಗಿನಿಂದ ಅವರೆಕಾಳಿನ ಸಾರಿನ ವಾಸನೆ ಬಂತು. ಬಾಯಿ ಮುಚ್ಚಿದರು.

ಮುದ್ದೆ, ಸಾರು, ಅನ್ನ, ಮಜ್ಜಿಗೆ. ನಾವಿಬ್ಬರೂ ಸಾಲಾಗಿ ಕೂತೆವು. ನಂಜಪ್ಪನವರು ನಮ್ಮ ಎದುರು ಕೂತು ಯಾರ ಗೊಡವೆಯೂ ಇಲ್ಲದೆ ಉಣ್ಣತೊಡಗಿದರು. ಗಿರಿಧರ ಎರಡನೇ ಸಲ ಸಾರು ಹಾಕಿಸಿಕೊಂಡಾಗ ಲಕ್ಕಮ್ಮನವರು ಸೌಟು ಹಿಡಿದು ನಿಂತೇ ಮಾತು ತೆಗೆದರು.

"ಮನೇಲಿ ಯಾರ್ಯಾರವ್ರೆ ಸಾ?"

"ಅಮ್ಮ ಇದ್ದಾರೆ. ಹೊಳೆನರಸೀಪುರದಲ್ಲಿ. ಗೋದಮ್ಮ ಅಂತ."

"ನಿಮ್ಮವ್ವಾರು ಸಾರಿನ್ ಪುಡಿ ಮನೇಲೇ ಮಾಡ್ತಾರಾ, ಅಂಗ್ಡೀಲಿ ತರ್ತಾರಾ?"

ಗಿರಿಧರರಿಗೆ ಸ್ವಲ್ಪ ಅವಮಾನವಾದಂತಾಯಿತು. "ಅಂಗಡಿ ಪುಡಿ ನಮ್ಮ ಮನೆಗೆ ಬಂದೇ ಇಲ್ಲ. ಅಮ್ಮನ ಪುಡಿ ಅಂದ್ರೆ ಇಡೀ ಬಂಧುಬಳಗದಲ್ಲಿ ಹೆಸರು. ಅಕ್ಕನ ಮನೆಗೆ, ಅತ್ತೆ ಮನೆಗೆ, ಮೈಸೂರಿನ ಚಿಕ್ಕಪ್ಪನ ಮನೆಗೆ ಎಲ್ಲ ಅಮ್ಮನೇ ಮಾಡಿ ಕಳಿಸೋದು."

"ಅಕ್ಕಪಕ್ಕದೋರ್ಗೆ?"

"ಅವರೂ ಬಂದು ತಗೊಂಡು ಹೋಗ್ತಾರೆ."

"ಸುಮ್ನೇನಾ?"

"ದುಡ್ಡು ತಗೊಳ್ತಾರಾ ಅಮ್ಮ? ಅವರು ಒಂದು ಹಲಸಿನಹಣ್ಣು ಕೊಡ್ತಾರೆ, ಹಬ್ಬಕ್ಕೆ ಒಬ್ಬಟ್ಟು ಕಳಿಸ್ತಾರೆ..."

"ಮಿಕ್ಸೀಲೇ ಮಾಡದು?"

"ನಮ್ಮ ಕಂಪನಿದೇ" ಅಂದರು ಗಿರಿಧರ, ಹೆಮ್ಮೆಯಿಂದ.

ಲಕ್ಕಮ್ಮನವರು ಅವರ ತಟ್ಟೆಗೆ ಇನ್ನೊಂದು ಸೌಟು ಬಿಟ್ಟು ಕೇಳಿದರು: "ಅಂಗಾರೆ ನಿಮ್ಮವ್ವಾರ್ದು ಫ್ಯಾಕ್ಟ್ರೀನಾ ಸಾ?"

ಮೊದಲು ನಕ್ಕಿದ್ದು ನಂಜಪ್ಪನವರು. ನಾನು ಅವರ ನಗೆಯನ್ನು ಆವರೆಗೆ ಕೇಳಿರಲೇ ಇಲ್ಲ. ಮುದ್ದೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಹೆಂಗಸರು ನಕ್ಕರು. ಗಿರಿಧರ ಸೋತವರ ಹಾಗೆ ಮುಖ ಮಾಡಲಿಲ್ಲ, ತಾವೂ ನಗುತ್ತ ಸಾರಿನ ಕೈಯಿಂದಲೇ ಕನ್ನಡಕ ಮೇಲೇರಿಸಿಕೊಂಡರು. "ಇದನ್ನ ಅಮ್ಮನಿಗೆ ಹೇಳಿದರೆ ನನಗೆ ಊಟ ಹಾಕಲ್ಲ" ಅಂದರು.

"ಹಾಕ್ದಿದ್ರೆ ಇಲ್ಲಿಗೆ ಬಾ ಮಗ" ಅಂದರು ಲಕ್ಕಮ್ಮ. ಅಷ್ಟು ಹೊತ್ತಿಗೆ 'ಸಾ' ಹೋಗಿ 'ಮಗ' ಆಗಿತ್ತು.

ಕೈ ತೊಳೆದ ಮೇಲೆ ಗಿರಿಧರ ಜಗುಲಿಯಲ್ಲಿ ಕೂತು ಯೋಚಿಸಿದರು. "ಅಮ್ಮ, ಒಂದು ದಾರಿ ಇದೆ. ನಿಮ್ಮ ಮನೆಯವರು ಮಾತ್ರ ಬಳಸಿದ್ದು ಅಂತ ಬರೆದುಬಿಡ್ತೀನಿ. ಮೇಲಿನವರು ಏನೂ ಕೇಳಲ್ಲ."

ನಾನು ಮನಸ್ಸಿನಲ್ಲೇ ಕೈ ಮುಗಿದೆ. ಲಕ್ಕಮ್ಮನವರು ಒಪ್ಪಲಿಲ್ಲ. "ಬ್ಯಾಡ. ಬೀದಿಯೋರೆಲ್ಲ ರುಬ್ಬವ್ರೆ ಅಂತ್ಲೇ ಬರಿ. ಕಾಸು ತಗಂಡಿಲ್ಲ ಅಂತ್ಲೂ ಬರಿ. ಮುಯ್ಯಿ ಅಂತ ಬರಿ. ಸುಳ್ಳೇಳಿ ಹೊಸ ಮಿಕ್ಸಿ ತಂದ್ರೆ ನಾಳೆ ಇವ್ರು ತಟ್ಟೆ ಹಿಡ್ಕೊಂಡು ಬಂದಾಗ ನಾನೇನು ಬಾಗ್ಲಾಕ್ಕೊಳ್ಲಾ?"

"ಮುಯ್ಯಿಗೆ ಇಂಗ್ಲಿಷಿನಲ್ಲಿ ಏನು ಬರೀಲಿ?" ಅಂತ ಗಿರಿಧರ ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೊನೆಗೆ ಅವರು ಉದ್ದಕ್ಕೆ ಬಿಡಿಸಿ ಬರೆದರು: ಇಲ್ಲಿ ಒಬ್ಬರ ಮನೆ ಅಂದರೆ ಇಡೀ ಬೀದಿಯೂ ಸೇರುತ್ತದೆ, ಯಾರೂ ಯಾರಿಂದಲೂ ದುಡ್ಡು ಪಡೆದಿಲ್ಲ, ಆದ್ದರಿಂದ ಇದು ಮನೆಯ ಬಳಕೆಯೇ ಅಂತ ನನ್ನ ಅಭಿಪ್ರಾಯ.

ವಾಪಸು ಬರುವಾಗ ಸ್ಕೂಟರಿನ ಮೇಲೆ ನಾನು ನನ್ನ ಕಸುಬು ಮಾಡಿದೆ. "ಗಿರಿಧರ್, ಜಗುಲಿ ಮೇಲೆ ಎಷ್ಟು ಜನ ಇದ್ದರು ನೋಡಿದಿರಾ?"

"ನೋಡಿದೆ."

"ಯಾರ ಮನೆಯಲ್ಲೂ ಮಿಕ್ಸಿ ಇಲ್ಲ. ಎಲ್ಲರೂ ಈ ಒಂದು ಏನಾಗುತ್ತೆ ಅಂತ ನೋಡ್ತಿದ್ದಾರೆ. ಅದನ್ನೂ ನಿಮ್ಮ ಮೇಲಿನವರಿಗೆ ಒಂದು ಮಾತು ಹೇಳಿ."

"ನ್ಯಾಯಕ್ಕಾಗಿ ಹೇಳಲಾ, ವ್ಯಾಪಾರಕ್ಕಾಗಿ ಹೇಳಲಾ ಶೆಟ್ರೇ?"

"ನಿಮ್ಮ ಮೇಲಿನವರಿಗೆ ಯಾವುದು ಬೇಗ ಅರ್ಥ ಆಗುತ್ತೋ ಅದನ್ನ" ಅಂದೆ.

ಆಮೇಲೆ ಕಾಯುವ ಕಾಲ. ಲಕ್ಕಮ್ಮನವರು ಅಂಗಡಿಗೆ ಬಂದು ಕೇಳಲಿಲ್ಲ. ನಂಜಪ್ಪನವರೇ ಒಮ್ಮೆ ಸಂತೆಗೆ ಬಂದಾಗ ಒಳಗೆ ಇಣುಕಿ, "ಏನಾರಾ ಬಂತಾ?" ಅಂದರು. ಇಲ್ಲ ಅಂದೆ. "ಅವ್ಳು ಕಲ್ಲಲ್ಲೇ ರುಬ್ತಾವ್ಳೆ. ಕಮ್ಲಾಕ್ಷಿ ದಿನಾ ಬಂದು ಪಕ್ಕದಲ್ಲಿ ಕೂತು, ಬಂತಾ ಲಕ್ಕಕ್ಕ ಅಂತ ಕೇಳ್ತಾಳೆ. ಇವ್ಳು ಬತ್ತದೆ ಕಣಮ್ಮಿ ಅಂತಾಳೆ. ದಿನಾ ಇದೇಯ." ಕಿವಿಯ ಬೀಡಿ ಕೈಗೆ ತೆಗೆದುಕೊಂಡು, "ಖಾರ ಮಾತ್ರ ಚೆನ್ನಾಗೇ ಆಗ್ತದೆ" ಅಂದು ಹೋದರು.

ಯುಗಾದಿಗೆ ಮುಂಚೆ ಕಂಪನಿಯಿಂದ ಪೆಟ್ಟಿಗೆ ಬಂತು. ಮೋಟಾರು ಮಾತ್ರ ಕಳಿಸುತ್ತಾರೆ ಅಂದುಕೊಂಡಿದ್ದೆ. ಹೊಸ ಮಿಕ್ಸಿಯನ್ನೇ ಕಳಿಸಿದ್ದರು, ಇನ್ನೂ ದೊಡ್ಡ ಮೋಟಾರಿನದು. ಜೊತೆಗೆ ಗಿರಿಧರ ತಮ್ಮ ಕೈಬರಹದಲ್ಲಿ ಒಂದು ಚೀಟಿ ಇಟ್ಟಿದ್ದರು: ಬಲ್ಬು ಕೆಂಪಗಾದಾಗ ದಯವಿಟ್ಟು ಹಾಕಬೇಡಿ.

ನಾನು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಸ್ಕೂಟರಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ದಂಡಿಗನಹಳ್ಳಿಗೆ ಹೋದೆ. ಮಾಲು ಮನೆಗೆ ಮುಟ್ಟಿಸಲು ನಾನು ಅಂಗಡಿ ಬಿಟ್ಟು ಹೋದದ್ದು ಅದೇ ಮೊದಲು. ಬೀದಿಗೆ ತಿರುಗುವಷ್ಟರಲ್ಲಿ ಹೆಂಗಸರು ಪೆಟ್ಟಿಗೆಯನ್ನು ನೋಡಿಬಿಟ್ಟಿದ್ದರು. ಯಾರೋ ಒಬ್ಬರು ಒಲೆ ಮೇಲಿನ ಹಾಲು ಬಿಟ್ಟು ಓಡಿಬಂದು, ಆ ಹಾಲು ಉಕ್ಕಿ, ಅದಕ್ಕಾಗಿ ಅತ್ತೆಯಿಂದ ಬೈಸಿಕೊಂಡು, ಬೈಯುತ್ತಲೇ ಅತ್ತೆಯೂ ಬಂದರು. ಲಕ್ಕಮ್ಮನವರು ಕೊಟ್ಟಿಗೆಯಿಂದ ಬಂದು ಕೈ ಒರೆಸಿಕೊಂಡು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಅವರ ಮುಖ ನೋಡಿದರೆ, ಆವತ್ತು ಏನು ಕೇಳಿದ್ದರೂ ನಾನು ಲಾಭವಿಲ್ಲದೆ ಕೊಟ್ಟುಬಿಡುತ್ತಿದ್ದೆ. ಸದ್ಯ, ಅವರು ಕೇಳಲಿಲ್ಲ.

ಕರೆಂಟು ಬಂತು. ಬಲ್ಬು ಬೆಳ್ಳಗಿತ್ತು. ಮೊದಲು ಯಾರು ಅಂತ ಎಲ್ಲರೂ ಲಕ್ಕಮ್ಮನವರನ್ನು ನೋಡಿದರು.

"ಕಮ್ಲಾಕ್ಷಿ, ತಗಂಬಾ ನಿನ್ ತಟ್ಟೆ" ಅಂದರು ಅವರು.

"ನಾನ್ಯಾಕೆ ಮೊದ್ಲು? ಬರಲ್ಲ ಅಂದೋಳು ನಾನು."

"ಅದ್ಕೇಯ."

ಕಮಲಾಕ್ಷಮ್ಮ ತಟ್ಟೆ ತಂದರು. ಮಿಕ್ಸಿ ತಿರುಗುವಾಗ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಖಾರದ್ದು ಅಂದರು, ನಾವೂ ಹೌದು ಅಂದೆವು. ಆಮೇಲೆ ಯಾರೂ ಕರೆಯದೆ ಪೊರಕೆ ತೆಗೆದುಕೊಂಡು ಕೊಟ್ಟಿಗೆಗೆ ಹೋದರು.

ಅಲ್ಲಿಂದ ಮುಂದೆ ತಿಂಗಳಿಗೊಂದು ಮನೆಯಂತೆ ಆ ಬೀದಿಯವರು ಮಿಕ್ಸಿ ಕೊಂಡರು. ಸರದಿ ಹೇಳಿದ್ದು ಲಕ್ಕಮ್ಮನವರೇ. ಎಲ್ಲರಿಗೂ ಆದ ಮೇಲೂ, ಕರೆಂಟು ಬಂದಾಗ ಹೆಂಗಸರು ತಟ್ಟೆ ಹಿಡಿದು ಅವರ ಜಗುಲಿಗೇ ಬರುತ್ತಾರೆ ಅಂತ ಕೇಳಿದೆ. ಹಾಗಾದರೆ ನನ್ನಿಂದ ಯಾಕೆ ಕೊಂಡರು ಅಂತ ನಾನು ಕೇಳಲು ಹೋಗಿಲ್ಲ.

ಮಾರಿದ ಮಾಲು ಕೆಟ್ಟರೆ ಗಿರಾಕಿಯ ಮನೆವರೆಗೂ ಹೋಗಬೇಕು, ಕಂಪನಿಯ ಮುಂದೆ ಇದ್ದದ್ದು ಇದ್ದಂತೆ ಹೇಳಿ ಗಿರಾಕಿಯ ಪಕ್ಕ ನಿಲ್ಲಬೇಕು ಅನ್ನುವುದನ್ನು ನಾನು ಲಕ್ಕಮ್ಮನವರಿಂದ ಕಲಿತೆ. ದಂಡಿಗನಹಳ್ಳಿ ಹೋಬಳಿಯಲ್ಲಿ ನನ್ನ ಅಂಗಡಿಗೆ ಇವತ್ತು ಒಂದು ಒಳ್ಳೆಯ ಹೆಸರಿದ್ದರೆ, ಅದು ಅವರು ಸಂಪಾದಿಸಿ ಕೊಟ್ಟದ್ದು.